ಕೊನೆಯ ರೀಲನ್ನು ಕತ್ತರಿಸಿದವರು ಯಾರು?

ಕೇಶ್ವಾಪುರದಲ್ಲಿ ಕುಸುಗಲ್ ರಸ್ತೆಯಿಂದ ಒಳಸರಿಯುವ ಗಲ್ಲಿಯೊಂದರಲ್ಲಿ ವಾಸಿಸುವ ತಾಯಿಯೊಬ್ಬರು ಕಳೆದ ತಿಂಗಳು ಇಶಾ ನಮಾಝಿನ ನಂತರ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲೊಂದು ಮಡಚಿದ ಕಾಗದ. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಪತ್ರಿಕೆಯಲ್ಲಿ ಬರೆಯುವವನು ಎಂಬ ಕಾರಣಕ್ಕೆ ಮೊಹಲ್ಲಾದ ಇಂತಹ ಕಾಗದಗಳು ಕೊನೆಗೆ ನನ್ನ ಬಳಿಗೇ ಬರುತ್ತವೆ. ವಿದ್ಯುತ್ ಬಿಲ್ಲಿನ ಬಾಕಿ, ವಿಧವಾ ವೇತನದ ಆದೇಶ, ಶಾಲೆಯ ಪತ್ರ. ಇದು ಅವುಗಳ ಪೈಕಿಯದ್ದಾಗಿರಲಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ, ಸಾರ್ವಜನಿಕ ಶಾಂತಿಗೆ ಭಂಗ ತರುವ ಸಂಭವವಿರುವುದರಿಂದ ತಮ್ಮಿಂದ ಏಕೆ ಮುಚ್ಚಳಿಕೆ ಬರೆಸಿಕೊಳ್ಳಬಾರದು ಎಂದು ಆಕೆಯ ಹತ್ತೊಂಬತ್ತು ವರ್ಷದ ಮಗನನ್ನು ಕೇಳಿದ ನೋಟಿಸು. ಜಾಮೀನುದಾರರೊಂದಿಗೆ ಇಂಥ ದಿನ ಹಾಜರಾಗತಕ್ಕದ್ದು ಎಂದು ಕೆಳಗೆ ಬರೆದಿತ್ತು.

ಹುಡುಗ ಮಾಡಿದ್ದಿಷ್ಟು. ಹುಟ್ಟುಹಬ್ಬದ ರಾತ್ರಿ ಗೆಳೆಯರು ರಸ್ತೆಯ ಮಧ್ಯೆ ಬೈಕಿನ ಸೀಟಿನ ಮೇಲೆ ಕೇಕ್ ಇರಿಸಿದ್ದರು. ಅದನ್ನು ಆತ ತಲವಾರಿನಿಂದ ಕತ್ತರಿಸಿದ್ದ. ಯಾರೋ ಅದನ್ನು ಚಿತ್ರೀಕರಿಸಿ, ಹಿನ್ನೆಲೆಗೆ ಒಂದು ಸಿನಿಮಾದ ತುಣುಕನ್ನೂ ಸಂಗೀತವನ್ನೂ ಸೇರಿಸಿ ಹರಿಯಬಿಟ್ಟಿದ್ದರು. ನಾನು ಆ ವೀಡಿಯೊ ನೋಡಿದೆ. ಮೂವತ್ತು ಸೆಕೆಂಡುಗಳಷ್ಟೇ. ಮೊದಲು ಲಾಂಗು ಹಿಡಿದು ನಿಧಾನವಾಗಿ ನಡೆದು ಬರುವ ಶಿವರಾಜ್‌ಕುಮಾರ್. ಅನಂತರ ಅದೇ ನಡಿಗೆಯಲ್ಲಿ ಈ ಹುಡುಗ.

‘ಓಂ ಚಿತ್ರ ನಿನಗೆ ಅಷ್ಟು ಇಷ್ಟವೇನು?’ ಎಂದು ಕೇಳಿದೆ.

‘ನಾನು ಆ ಪಿಕ್ಚರ್ ನೋಡಿಲ್ಲ ಭಾಯಿ’ ಎಂದ.

ನೋಟಿಸಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ಉತ್ತರ. ಉಪೇಂದ್ರ ನಿರ್ದೇಶಿಸಿದ ‘ಓಂ’ ತೆರೆಕಂಡದ್ದು 1995ರ ಮೇ ತಿಂಗಳಲ್ಲಿ. ಈ ಹುಡುಗ ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲು. ತಾನು ನೋಡಿಯೇ ಇರದ, ತಾನು ಹುಟ್ಟುವ ಮೊದಲೇ ಬಂದ ಚಿತ್ರವೊಂದರ ಪ್ರಭಾವಕ್ಕೆ ಒಬ್ಬ ಹುಡುಗ ಒಳಗಾಗುವುದು ಹೇಗೆ ಸಾಧ್ಯ?

ಸಿನಿಮಾ ಸಮಾಜವನ್ನು ಕೆಡಿಸುತ್ತದೆ ಎಂದು ಬರೆಯುವುದು ಸುಲಭ. ಇಂತಹ ಲೇಖನಗಳನ್ನು ನಾನೂ ಬರೆದಿದ್ದೇನೆ. ಮದ್ರಸದಲ್ಲಿ ಓದುತ್ತಿದ್ದಾಗ ಸಿನಿಮಾ ಎಂಬುದು ನಮ್ಮ ಪಾಲಿಗೆ ಕೇಳಬಾರದ, ನೋಡಬಾರದ ಸಂಗತಿ. ಆದರೆ ಅಲ್ಲಿನ ದೊಡ್ಡ ಹುಡುಗರು ರವಿ ಬೆಳಗೆರೆಯವರ ‘ಪಾಪಿಗಳ ಲೋಕದಲ್ಲಿ’ಯನ್ನು ಕಿತಾಬುಗಳ ನಡುವೆ ಅಡಗಿಸಿಟ್ಟು ಓದುತ್ತಿದ್ದರು ಎಂಬುದೂ ಸತ್ಯ. ಬೆಳಗೆರೆಯವರ ‘ಹಾಯ್ ಬೆಂಗಳೂರ್’ ಪತ್ರಿಕೆ ಶುರುವಾದದ್ದು ಮತ್ತು ‘ಓಂ’ ಬಿಡುಗಡೆಯಾದದ್ದು ಒಂದೇ ವರ್ಷ. ಕನ್ನಡದ ಸಭ್ಯ ಓದುಗ ವರ್ಗವು ಬೆಂಗಳೂರಿನ ಭೂಗತ ಲೋಕವನ್ನು ಊಟದ ನಂತರದ ಓದಾಗಿ ಸ್ವೀಕರಿಸಿದ ಕಾಲವದು. ತಪ್ಪೆಲ್ಲವನ್ನೂ ಚಿತ್ರಮಂದಿರದ ಮೇಲೆ ಹೊರಿಸುವವರು ಇದನ್ನೂ ನೆನಪಿಡಬೇಕು.

ಮದ್ರಸದಿಂದ ಹೊರಬಂದು ಬಿ.ಎ.ಗೆ ಸೇರಿದ ಮೇಲೆ, ಹುಬ್ಬಳ್ಳಿಯ ಚಿತ್ರಮಂದಿರವೊಂದರಲ್ಲಿ ಮರುಬಿಡುಗಡೆಯಾಗಿದ್ದ ‘ಓಂ’ ಚಿತ್ರವನ್ನು ಬೆಳಗಿನ ಆಟದಲ್ಲಿ ನಾನು ನೋಡಿದೆ. ಆ ಹೊತ್ತಿಗೆ ಅದು ಎಷ್ಟನೇ ಮರುಬಿಡುಗಡೆಯೋ ಲೆಕ್ಕ ಇಟ್ಟವರಿಲ್ಲ. ರಾಜ್ಯದ ಒಂದಲ್ಲ ಒಂದು ಊರಿನಲ್ಲಿ ಅದು ನೂರಾರು ಬಾರಿ ಮತ್ತೆ ಮತ್ತೆ ತೆರೆಗೆ ಬಂದಿದೆ. ಇಪ್ಪತ್ತು ವರ್ಷಗಳವರೆಗೆ ಅದು ಟೀವಿಗೆ ಬರಲಿಲ್ಲ. 2015ರಲ್ಲಿ ಬಂತು. ತೆಲುಗಿನಲ್ಲಿ ‘ಓಂಕಾರಂ’ ಎಂದೂ ಹಿಂದಿಯಲ್ಲಿ ‘ಅರ್ಜುನ್ ಪಂಡಿತ್’ ಎಂದೂ ಅದು ಮರುಹುಟ್ಟು ಪಡೆಯಿತು. ಪುರೋಹಿತನ ಮನೆಯ ಹುಡುಗನೊಬ್ಬ ರೌಡಿಯಾಗುವ ಕಥೆ. ಅದಕ್ಕೆ ಮೊದಲು ಕನ್ನಡ ಸಿನಿಮಾದಲ್ಲಿ ರೌಡಿಗಳಿರಲಿಲ್ಲವೆಂದಲ್ಲ, ಆದರೆ ಅವರು ಗಿರಿಜಾ ಮೀಸೆಯ, ಅಟ್ಟಹಾಸದ ಖಳರಾಗಿದ್ದರು. ‘ಓಂ’ನಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ಬಂದು ತೆರೆಯ ಮೇಲೆ ನಿಂತರು. ಮುಖದ ಗಾಯದ ಗುರುತುಗಳು ಮೇಕಪ್ಪಿನದ್ದಾಗಿರಲಿಲ್ಲ. ಪ್ರೇಕ್ಷಕನಿಗೆ ಸಿಕ್ಕಿದ ಹೊಸ ರುಚಿ ಅದು. ಇದು ಕಥೆಯಲ್ಲ, ಇದು ಹೀಗೆಯೇ ನಡೆಯುತ್ತದೆ ಎಂಬ ನಂಬಿಕೆ.

ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಒಳ್ಳೆಯ ರೌಡಿ ಚಿತ್ರಗಳ ನಿಜವಾದ ಕಸುವು ಇರುವುದು ಅವುಗಳ ಕೊನೆಯಲ್ಲಿ. ‘ಓಂ’ ಬಂದ ಮೂರು ವರ್ಷಕ್ಕೆ, 1998ರಲ್ಲಿ, ರಾಮ್ ಗೋಪಾಲ್ ವರ್ಮಾ ಅವರ ‘ಸತ್ಯ’ ಬಂತು. ಎರಡೂ ಚಿತ್ರಗಳ ನಾಯಕನ ಹೆಸರು ಸತ್ಯ ಎಂಬುದು ಕಾಕತಾಳೀಯವಿರಬಹುದು. ಮುಂಬಯಿಯ ಕೋಣೆಗಳು, ಮಳೆ, ಬೆವರು, ಕೊಲೆಯ ನಡುವೆ ಹೆಂಡತಿಯೊಂದಿಗೆ ಜಗಳವಾಡುವ ಭೀಕು ಮ್ಹಾತ್ರೆ. ಆ ಪಾತ್ರಕ್ಕೆ ಮನೋಜ್ ಬಾಜಪೇಯಿ ರಾಷ್ಟ್ರಪ್ರಶಸ್ತಿ ಪಡೆದರು. ಅವರು ಸಮುದ್ರದ ದಡದ ಬಂಡೆಯ ಮೇಲೆ ನಿಂತು ಮುಂಬಯಿಗೆ ಸವಾಲು ಹಾಕುವ ದೃಶ್ಯ ಎಲ್ಲರಿಗೂ ಗೊತ್ತು. ಆ ಭೀಕು ತಾನು ನಂಬಿದ್ದ ರಾಜಕಾರಣಿಯ ಗುಂಡಿಗೆ ಸಾಯುತ್ತಾನೆ ಎಂಬುದು ಎಷ್ಟು ಮಂದಿಗೆ ನೆನಪಿದೆ? ಸತ್ಯ ತಾನು ಪ್ರೀತಿಸಿದವಳ ಮನೆಯ ಬಾಗಿಲು ಬಡಿಯುತ್ತಾ ಸಾಯುತ್ತಾನೆ. ಆ ಬಾಗಿಲಿನ ಸದ್ದು ಯಾವ ಮೊಬೈಲಿನ ರಿಂಗ್‌ಟೋನ್ ಆಗಿದೆ?

ಪ್ರೇಮ್ ನಿರ್ದೇಶನದ ‘ಜೋಗಿ’ (2005) ಇದಕ್ಕಿಂತಲೂ ಹತ್ತಿರದ ಉದಾಹರಣೆ. ನಮ್ಮ ಮನೆಗಳ ಹೆಂಗಸರೂ ಟೀವಿಯಲ್ಲಿ ನೋಡಿ ಕಣ್ಣೀರು ಹಾಕಿದ ಚಿತ್ರ. ಊರು ಬಿಟ್ಟು ಹೋದ ಮಗನನ್ನು ಹುಡುಕುತ್ತಾ ಬೆಂಗಳೂರಿಗೆ ಬರುವ ತಾಯಿಯಾಗಿ ಅರುಂಧತಿ ನಾಗ್. ಮಗ ಅದೇ ನಗರದಲ್ಲಿ ಎಲ್ಲರೂ ಹೆದರುವ ರೌಡಿಯಾಗಿದ್ದಾನೆ. ಇಬ್ಬರೂ ಮತ್ತೆ ಮತ್ತೆ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುತ್ತಾರೆ. ಕೊನೆಗೆ ದಿಕ್ಕಿಲ್ಲದ ಹೆಣವೊಂದರ ಮುಂದೆ ಮಗ ಕುಣಿಯುತ್ತಾನೆ. ಅದು ಅವನ ತಾಯಿಯ ಶವ. ರೌಡಿತನದ ವಿರುದ್ಧ ಇದಕ್ಕಿಂತ ಕಠಿಣವಾದ ಮಾತನ್ನು ಯಾವ ವಅಝ್ ಮಜ್ಲಿಸಿನಲ್ಲಿಯೂ ನಾನು ಕೇಳಿಲ್ಲ. ಆದರೆ ಆ ವರ್ಷ ಹುಬ್ಬಳ್ಳಿಯ ಆಟೋಗಳಲ್ಲಿ, ಮದುವೆ ಮೆರವಣಿಗೆಗಳಲ್ಲಿ ಕೇಳಿಸಿದ್ದು ‘ಹೊಡಿ ಮಗ’ ಹಾಡು. ಹುಡುಗರು ಬೆಳೆಸಿದ್ದು ಜೋಗಿಯ ಉದ್ದ ಕೂದಲು. ತಾಯಿಯನ್ನು ಚಿತ್ರಮಂದಿರದಲ್ಲಿಯೇ ಬಿಟ್ಟು ಬಂದರು.

ಹಾಗಂತ ನಿರ್ದೇಶಕರು ಸಂಪೂರ್ಣ ಅಮಾಯಕರೇ? ಖಂಡಿತ ಅಲ್ಲ. ಎರಡೂವರೆ ಗಂಟೆಯ ಚಿತ್ರದಲ್ಲಿ ಎರಡು ಗಂಟೆ ಮಚ್ಚಿಗೆ ಮಂಗಳಾರತಿ ಎತ್ತಿ, ಕೊನೆಯ ಹತ್ತು ನಿಮಿಷ ಉಪದೇಶ ಮಾಡುವ ಚಿತ್ರಗಳೇ ಹೆಚ್ಚು. ನಾಯಕ ಬರುವಾಗ ಗಾಳಿ ಬೀಸುತ್ತದೆ, ಧೂಳೇಳುತ್ತದೆ, ಸಂಗೀತ ಮೊಳಗುತ್ತದೆ. ಸಾಯುವಾಗ ಮೌನ. ಯಾವುದು ನೆನಪಿನಲ್ಲಿ ಉಳಿಯಬೇಕೆಂದು ಚಿತ್ರವೇ ತೀರ್ಮಾನಿಸಿಬಿಟ್ಟಿರುತ್ತದೆ. ಆದರೂ ಚಿತ್ರಮಂದಿರದ ಕಾಲದಲ್ಲಿ ಪ್ರೇಕ್ಷಕನಿಗೆ ಒಂದು ಅನಿವಾರ್ಯತೆಯಿತ್ತು. ಟಿಕೆಟ್ ತೆಗೆದುಕೊಂಡವನು ಕೊನೆಯವರೆಗೆ ಕೂರುತ್ತಿದ್ದ. ಭೀಕು ಸಾಯುವುದನ್ನು ನೋಡದೆ ಭೀಕುವಿನ ಸವಾಲನ್ನು ಮಾತ್ರ ಒಯ್ಯಲು ಆಗುತ್ತಿರಲಿಲ್ಲ. ಇಂದು ಆಗುತ್ತದೆ. ಹಿಂದೆ ರೀಲು ಎಂದರೆ ಚಿತ್ರದ ಒಂದು ಭಾಗ, ಅದರ ಮುಂದೆ ಇನ್ನೊಂದು ರೀಲು ಇದ್ದೇ ಇರುತ್ತಿತ್ತು. ಇಂದಿನ ರೀಲಿಗೆ ಮುಂದಿನದ್ದಿಲ್ಲ. ಮೂವತ್ತು ಸೆಕೆಂಡಿನಲ್ಲಿ ಮಚ್ಚು ಮೇಲೇಳುತ್ತದೆ, ಮತ್ತೆ ಅದೇ ಮಚ್ಚು ಮೇಲೇಳುತ್ತದೆ. ಅದು ಕೆಳಗಿಳಿಯುವುದೇ ಇಲ್ಲ.

2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಗಮನಿಸಿ. ಟೀವಿ ರಿಯಾಲಿಟಿ ಶೋ ಒಂದರಿಂದ ಹೆಸರಾದ ಇಬ್ಬರು, ಸಿನಿಮಾ ಪಾತ್ರಗಳ ವೇಷ ತೊಟ್ಟು ಲಾಂಗು ಹಿಡಿದು ರೀಲು ಮಾಡಿದರು. ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಬಂಧಿಸಿದರು. ಅವರಿಗೆ ವಕೀಲರಿದ್ದರು, ಜಾಮೀನಾಯಿತು. ಒಂಬತ್ತು ಇಂಚಿಗಿಂತ ಉದ್ದದ ಅಲಗಿನ ಆಯುಧ ಇಟ್ಟುಕೊಳ್ಳುವುದಕ್ಕೆ ಪರವಾನಗಿ ಬೇಕು ಎಂಬ ನಿಯಮ ಅಡುಗೆಮನೆಯ ಚಾಕುವಿಗೂ ರೈತನ ಕುಡುಗೋಲಿಗೂ ಅನ್ವಯಿಸದು. ಆದರೆ ಕೇಕ್ ಕತ್ತರಿಸುವ ತಲವಾರು ಅಡುಗೆಮನೆಯ ಸಾಮಾನು ಎಂದು ವಾದಿಸಲು ನಮ್ಮ ಗಲ್ಲಿಯ ಹುಡುಗನಿಗೆ ಯಾವ ವಕೀಲ ಸಿಗುತ್ತಾನೆ?

2024ರ ಜೂನ್‌ನಲ್ಲಿ ಕನ್ನಡದ ಜನಪ್ರಿಯ ನಟ ದರ್ಶನ್ ಕೊಲೆ ಪ್ರಕರಣವೊಂದರಲ್ಲಿ ಆರೋಪಿಯಾಗಿ ಬಂಧಿತರಾದರು. ಅಪರಾಧಿಯೋ ಅಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಲಿ, ಅದು ಲೇಖಕನ ಕೆಲಸವಲ್ಲ. ನಾನು ಹೇಳಹೊರಟಿರುವುದು ಅಭಿಮಾನಿಗಳ ಬಗ್ಗೆ. ‘ಮೆಜೆಸ್ಟಿಕ್’ (2002) ಮತ್ತು ‘ಕರಿಯ’ (2003) ಚಿತ್ರಗಳ ರೌಡಿ ಪಾತ್ರಗಳಿಂದ ಬೆಳೆದ ನಟ ಅವರು. ಜೈಲಿನಲ್ಲಿ ಅವರಿಗೆ ಕೊಟ್ಟ ಕೈದಿ ಸಂಖ್ಯೆಯನ್ನು ಅಭಿಮಾನಿಗಳು ವಾಹನಗಳ ಮೇಲೆ ಬರೆಸಿಕೊಂಡರು. ಹೆತ್ತವರೊಬ್ಬರು ತಮ್ಮ ಹಸುಗೂಸಿಗೆ ಕೈದಿಯ ಬಿಳಿ ಉಡುಪು ತೊಡಿಸಿ, ಆ ಸಂಖ್ಯೆಯನ್ನು ಅಂಟಿಸಿ ಫೋಟೊ ತೆಗೆಸಿದರು. ಮಕ್ಕಳ ಹಕ್ಕುಗಳ ಆಯೋಗ ಮಧ್ಯಪ್ರವೇಶಿಸಬೇಕಾಯಿತು. ಕೂಸಿಗೆ ಮೊಬೈಲ್ ಹಿಡಿಯಲು ಬರುತ್ತಿರಲಿಲ್ಲ, ರೀಲು ನೋಡಲೂ ಬರುತ್ತಿರಲಿಲ್ಲ. ಪ್ರಭಾವ ಬಂದದ್ದು ತೊಟ್ಟಿಲು ತೂಗುವ ಕೈಗಳಿಂದ.

ನಮ್ಮ ಊರಿನ ಮಾತಿಗೆ ಬರೋಣ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಯುವತಿಯೊಬ್ಬಳನ್ನು ಚೂರಿಯಿಂದ ಇರಿದು ಕೊಲ್ಲಲಾಯಿತು. ತಿಂಗಳು ತುಂಬುವ ಮೊದಲೇ, ಮೇ 15ರಂದು, ವೀರಾಪುರ ಓಣಿಯಲ್ಲಿ ಇನ್ನೊಬ್ಬ ಯುವತಿಯನ್ನು ಅವಳ ಮನೆಯೊಳಗೇ ಕೊಲ್ಲಲಾಯಿತು. ಎರಡರಲ್ಲೂ ಕೇಳಿಬಂದದ್ದು ಹುಡುಗಿ ಒಲ್ಲೆ ಎಂದಳು ಎಂಬ ಕಾರಣ. ಮೊದಲನೆಯ ಪ್ರಕರಣದ ಆರೋಪಿ ಮುಸ್ಲಿಮ್ ಹೆಸರಿನವನು. ಚುನಾವಣೆಯ ಸಮಯವಾದ್ದರಿಂದ ಅದರ ಸುತ್ತ ಯಾವ ರಾಜಕೀಯ ನಡೆಯಿತೆಂಬುದನ್ನು ನೀವೆಲ್ಲರೂ ಕಂಡಿದ್ದೀರಿ. ಧಾರವಾಡದಲ್ಲಿ ಮುಸ್ಲಿಮ್ ವರ್ತಕರು ಅಂಗಡಿ ಮುಚ್ಚಿ, ಕೊಲೆಯನ್ನು ಖಂಡಿಸಿ ಆ ಮನೆಯ ದುಃಖದಲ್ಲಿ ಪಾಲ್ಗೊಂಡರು. ಅದು ಸರಿಯಾದ ಕೆಲಸವಾಗಿತ್ತು. ಎರಡನೆಯ ಪ್ರಕರಣದ ಆರೋಪಿ ನಮ್ಮವನಲ್ಲ ಎಂದು ಗೊತ್ತಾದಾಗ ನಮ್ಮ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಕಾಣಿಸಿದ ನಿಟ್ಟುಸಿರು ಮಾತ್ರ ನಾಚಿಕೆಗೇಡಿನದ್ದು. ಕೊಂದವನ ಹೆಸರು ತಿಳಿದ ಮೇಲೆ ಕೊಲೆಯ ತೂಕ ಅಳೆಯುವವರು ಒಂದೇ ಕಡೆಯಲ್ಲಿಲ್ಲ. ಈ ಎರಡು ಕೊಲೆಗಳಿಗೆ ಇಂಥ ಸಿನಿಮಾ ಕಾರಣ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಹೇಳುವುದೂ ಇಲ್ಲ. ಆದರೆ ಬೆನ್ನಟ್ಟಿದರೆ ಹುಡುಗಿ ಒಪ್ಪಿಯೇ ಒಪ್ಪುತ್ತಾಳೆ, ಒಪ್ಪದಿದ್ದರೆ ಅವಳದ್ದು ಮೋಸ ಎಂಬ ಪಾಠವನ್ನು ಮೂವತ್ತು ವರ್ಷಗಳಿಂದ ಹೇಳಿಕೊಡುತ್ತಿರುವ ಪಾಠಶಾಲೆ ಯಾವುದು ಎಂದು ಕೇಳುವ ಹಕ್ಕು ಈ ಊರಿಗಿದೆ.

ಸಿನಿಮಾದಲ್ಲಿ ಮುಸ್ಲಿಮನನ್ನು ಯಾವಾಗಲೂ ಡಾನ್, ಸ್ಮಗ್ಲರ್, ಭಯೋತ್ಪಾದಕ ಎಂದು ತೋರಿಸುತ್ತಾರೆ ಎಂಬುದು ನಮ್ಮ ದೀರ್ಘಕಾಲದ ದೂರು. ನ್ಯಾಯವಾದ ದೂರು. 2012ರಲ್ಲಿ ಅನುರಾಗ್ ಕಶ್ಯಪ್ ‘ಗ್ಯಾಂಗ್ಸ್ ಆಫ್ ವಾಸೇಪುರ್’ ಮಾಡಿದಾಗ ಧನಬಾದಿನ ವಾಸೇಪುರದ ನಿವಾಸಿಗಳು ತಮ್ಮ ಊರಿನ ಹೆಸರು ಕೆಡುತ್ತದೆಂದು ಪ್ರತಿಭಟಿಸಿದ್ದರು. ಆ ಕಥೆಯನ್ನು ಬರೆದವರಲ್ಲಿ ಒಬ್ಬರಾದ ಝೀಶಾನ್ ಖಾದ್ರಿ ಅದೇ ಊರಿನವರು ಎಂಬುದು ಬೇರೆ ವಿಷಯ. ಮೂರು ತಲೆಮಾರು, ಕಲ್ಲಿದ್ದಲು, ಸೇಡು, ಮತ್ತೆ ಸೇಡು. ಕೊನೆಯಲ್ಲಿ ಮನೆಯ ಗಂಡಸರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಒಬ್ಬ ವಿಧವೆ ತನ್ನ ಮಗುವನ್ನು ಎತ್ತಿಕೊಂಡು ಊರು ಬಿಟ್ಟು ಮುಂಬಯಿ ಸೇರುತ್ತಾಳೆ. ಆದರೆ ನಮ್ಮ ಹುಡುಗರ ಸ್ಟೇಟಸ್‌ಗಳಲ್ಲಿ ಇರುವುದು ಸೇಡಿನ ಸಂಭಾಷಣೆ. ಜುಮಾ ನಮಾಝಿನ ನಂತರ ನಮ್ಮನ್ನು ಗೂಂಡಾಗಳಂತೆ ಚಿತ್ರಿಸುವುದರ ವಿರುದ್ಧ ಮನವಿಗೆ ಸಹಿ ಹಾಕುವ ಮನೆಯಲ್ಲಿಯೇ, ಅದೇ ಗೂಂಡಾನ ಚಿತ್ರ ಮಗನ ಮೊಬೈಲಿನ ಮುಖಪುಟದಲ್ಲಿರುತ್ತದೆ. ಹೊರಗಿನವರು ಹಚ್ಚಿದ ಮಸಿಯನ್ನು ನಮ್ಮ ಮಕ್ಕಳು ಸುರ್ಮಾ ಎಂದು ಕಣ್ಣಿಗೆ ಹಚ್ಚಿಕೊಳ್ಳುತ್ತಿರುವಾಗ ಯಾರ ಕಚೇರಿಗೆ ಮನವಿ ಕೊಡೋಣ?

ಭೂಮಿಯ ಮೇಲಿನ ಮೊದಲ ಕೊಲೆಯ ಕಥೆಯನ್ನು ನಾವು ಬಾಲ್ಯದಲ್ಲಿಯೇ ಕಲಿಯುತ್ತೇವೆ. ಹಾಬೀಲ್ ಮತ್ತು ಖಾಬೀಲ್. ಮದ್ರಸದಲ್ಲಿ ತಫ್ಸೀರ್ ಓದುವಾಗ ನನ್ನ ಗಮನ ಸೆಳೆದ ಸಂಗತಿಯೊಂದಿದೆ. ಕುರ್‌ಆನ್‌ನಲ್ಲಿ ಆ ಕೊಲೆಯ ವಿವರಣೆಯೇ ಇಲ್ಲ. ಯಾವ ಆಯುಧ, ಎಷ್ಟು ಪೆಟ್ಟು, ರಕ್ತ ಹೇಗೆ ಹರಿಯಿತು, ಯಾವುದೂ ಇಲ್ಲ. ಕೊಂದ ಎಂಬುದು ಒಂದು ಮಾತಿನಲ್ಲಿ ಮುಗಿಯುತ್ತದೆ. ವಿವರ ಇರುವುದು ಅದರ ನಂತರದ ಗಳಿಗೆಗೆ. ತಮ್ಮನ ಹೆಣವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತ ಅಣ್ಣ, ನೆಲ ಕೆದಕಿ ತೋರಿಸುವ ಕಾಗೆ, ಒಂದು ಕಾಗೆಗಿರುವ ತಿಳಿವಳಿಕೆಯೂ ತನಗಿಲ್ಲದೆ ಹೋಯಿತಲ್ಲ ಎಂಬ ಪಶ್ಚಾತ್ತಾಪ. ಇಂದಿನ ರೀಲು ಮಾಡುವವರು ಕಾಗೆಯನ್ನು ಮೊದಲು ಕತ್ತರಿಸುತ್ತಾರೆ.

ಕೊಲೆಯವರೆಗೆ ಹೋಗುವುದು ಬೇಡ. ರೌಡಿ ಪಟ್ಟಿ ಎಂಬ ಒಂದು ಕಡತದ ಕಥೆಯನ್ನಾದರೂ ಯಾವ ಚಿತ್ರ ಸರಿಯಾಗಿ ಹೇಳಿದೆ? ಕರ್ನಾಟಕ ಪೊಲೀಸ್ ಕೈಪಿಡಿಯ ಪ್ರಕಾರ ಠಾಣೆಯಲ್ಲಿ ಈ ಪಟ್ಟಿ ತೆರೆಯಲಾಗುತ್ತದೆ. ಒಮ್ಮೆ ಹೆಸರು ಸೇರಿತೆಂದರೆ ಹಬ್ಬ, ಚುನಾವಣೆ, ಗಣೇಶೋತ್ಸವ, ಈದ್ ಮೀಲಾದ್ ಯಾವುದೇ ಇರಲಿ, ಕರೆ ಬರುತ್ತದೆ. ಪರೇಡಿನಲ್ಲಿ ಸಾಲಾಗಿ ನಿಲ್ಲಬೇಕು, ಕೂದಲು ಕತ್ತರಿಸಿಕೊಳ್ಳಬೇಕು, ಮೊಬೈಲ್ ಕೊಡಬೇಕು, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ತಂಗಿಯ ನಿಶ್ಚಿತಾರ್ಥಕ್ಕೆ ಬಂದವರು ಆ ಚಿತ್ರ ನೋಡಿರುತ್ತಾರೆ. ಹಾಗೆ ಹೆಸರು ಸೇರಿಸುವ ಮೊದಲು ವ್ಯಕ್ತಿಗೆ ತಿಳಿಸಿ, ಅವನ ಉತ್ತರವನ್ನು ಪರಿಗಣಿಸಬೇಕೆಂದು ರಾಜ್ಯ ಹೈಕೋರ್ಟ್ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಇದು ಎಷ್ಟು ಮನೆಗಳಿಗೆ ಗೊತ್ತು? ಇನ್ನು ಗಡೀಪಾರು ಇದೆ. ಅದರ ಮೇಲೆ 1985ರ ಗೂಂಡಾ ಕಾಯ್ದೆ ಇದೆ, ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. (ಸಿನಿಮಾಗಳನ್ನು ಕದ್ದು ನಕಲು ಮಾಡುವವರನ್ನೂ ಅನಂತರ ಇದೇ ಕಾಯ್ದೆಗೆ ಸೇರಿಸಲಾಯಿತು. ರೌಡಿಗಳನ್ನು ನಾಯಕರನ್ನಾಗಿಸಿದ ಚಿತ್ರೋದ್ಯಮಕ್ಕೆ ತನ್ನ ಮಾಲು ಕಳುವಾದಾಗ ಗೂಂಡಾ ಕಾಯ್ದೆಯೇ ಆಸರೆಯಾಯಿತು.)

ಮನೆಯವರ ಮಟ್ಟಿಗೆ ಇದೆಲ್ಲಕ್ಕಿಂತ ಹೆಚ್ಚು ನೋಯಿಸುವುದು ಪಾಸ್‌ಪೋರ್ಟ್. ಕ್ರಿಮಿನಲ್ ಪ್ರಕರಣ ನ್ಯಾಯಾಲಯದಲ್ಲಿ ಬಾಕಿ ಇರುವಾಗ, ಆ ನ್ಯಾಯಾಲಯದ ಅನುಮತಿಯಿಲ್ಲದೆ ಪಾಸ್‌ಪೋರ್ಟ್ ಸಿಗುವುದಿಲ್ಲ. ಸೌದಿಯಲ್ಲಿರುವ ಮಾವ ವೀಸಾ ಕಳಿಸಿದರೂ ಹುಡುಗ ಕೇಶ್ವಾಪುರದ ಗ್ಯಾರೇಜಿನಲ್ಲಿಯೇ ಉಳಿಯುತ್ತಾನೆ. ತಾಯಿಯನ್ನು ಉಮ್ರಾಕ್ಕೆ ಕರೆದೊಯ್ಯುವ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಪ್ರಕರಣ ಆರು ವರ್ಷ, ಎಂಟು ವರ್ಷ ನಡೆಯುತ್ತದೆ. ಕೊನೆಗೆ ಖುಲಾಸೆಯೂ ಆಗಬಹುದು. ಅಷ್ಟರಲ್ಲಿ ಹುಡುಗನ ಯೌವನ ಕೋರ್ಟಿನ ಜಗುಲಿಯಲ್ಲಿ ಮುಗಿದಿರುತ್ತದೆ. ಇದರಲ್ಲಿ ಗಾಳಿಯೂ ಬೀಸುವುದಿಲ್ಲ, ಧೂಳೂ ಏಳುವುದಿಲ್ಲ.

ಹುಡುಗರು ಚಿತ್ರದ ಕೊನೆಯನ್ನು ನೋಡುವುದಿಲ್ಲ ಎಂದು ಇಷ್ಟು ಹೊತ್ತು ದೂರಿದೆ. ಹಿರಿಯರಾದ ನಾವು ನೋಡದೆ ಬಿಟ್ಟದ್ದೂ ಒಂದಿದೆ. ಅದು ಚಿತ್ರದ ನಡುಭಾಗ.

2007ರಲ್ಲಿ ಬಂದ ‘ಆ ದಿನಗಳು’ ಚಿತ್ರವನ್ನು ನೆನಪಿಸಿಕೊಳ್ಳಿ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಆತ್ಮಕಥನವನ್ನು ಆಧರಿಸಿದ ಚಿತ್ರ. ನಿರ್ದೇಶನ ಕೆ.ಎಂ. ಚೈತನ್ಯ ಅವರದ್ದು. ಚಿತ್ರಕಥೆಯಲ್ಲಿ ನಮ್ಮ ಧಾರವಾಡದ ನೆಲದಲ್ಲಿ ಓದಿ ಬೆಳೆದ ಗಿರೀಶ್ ಕಾರ್ನಾಡರ ಕೈಯೂ ಇತ್ತು. 1980ರ ದಶಕದ ಬೆಂಗಳೂರು, ಜಯರಾಜ್ ಮತ್ತು ಕೊತ್ವಾಲ್ ರಾಮಚಂದ್ರ. ಕೊತ್ವಾಲ್ 1986ರಲ್ಲಿ ಕೊಲೆಯಾದ, ಜಯರಾಜ್ 1989ರಲ್ಲಿ. ಇವರ ನಡುವೆ ಸಿಲುಕುವ ಒಬ್ಬ ಶ್ರೀಮಂತ ಮನೆತನದ ಯುವಕ. ಕನ್ನಡದ ರೌಡಿ ಚಿತ್ರಗಳ ಪೈಕಿ ಅತ್ಯಂತ ಕಡಿಮೆ ಗದ್ದಲದ, ಅತ್ಯಂತ ಪ್ರಾಮಾಣಿಕ ಚಿತ್ರ ಇದೆಂಬುದು ನನ್ನ ಅಭಿಪ್ರಾಯ. ಏಕೆಂದರೆ ರೌಡಿಯನ್ನು ಆ ಮನೆಯೊಳಗೆ ಕರೆತಂದವರು ಯಾರು ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಮಗನ ಪ್ರೀತಿಯನ್ನು ಮುರಿಯಲು ತಂದೆಯೇ ರೌಡಿಯ ಮೊರೆ ಹೋಗುತ್ತಾನೆ. ಜಾತಿ ಉಳಿಯಬೇಕು, ಮನೆತನದ ಮರ್ಯಾದೆ ಉಳಿಯಬೇಕು, ಆದರೆ ಕೈಗೆ ಕೊಳೆಯಾಗಬಾರದು. ಆ ಕೊಳೆಯ ಕೆಲಸಕ್ಕೆ ಕೊತ್ವಾಲ್ ಬೇಕು.

ನಮ್ಮ ನಗರಗಳಲ್ಲಿ ಇಂತಹ ಮರ್ಯಾದಸ್ಥರು ಇಲ್ಲವೇ? ಬಾಡಿಗೆದಾರ ಅಂಗಡಿ ಬಿಡುವುದಿಲ್ಲ, ನ್ಯಾಯಾಲಯಕ್ಕೆ ಹೋದರೆ ಹತ್ತು ವರ್ಷ. ನಾಲ್ಕು ಹುಡುಗರನ್ನು ಕರೆಸಿ ಅಂಗಡಿಯ ಮುಂದೆ ಎರಡು ದಿನ ಕುಳ್ಳಿರಿಸಿದರೆ ಕೆಲಸ ಮುಗಿಯಿತು. ಅಣ್ಣತಮ್ಮಂದಿರ ಆಸ್ತಿ ಹಂಚಿಕೆಯಲ್ಲಿ ಒಬ್ಬರು ಹುಡುಗರನ್ನು ತಂದರೆ ಇನ್ನೊಬ್ಬರೂ ತರುತ್ತಾರೆ. ಜಮಾಅತಿನ ಚುನಾವಣೆಯಲ್ಲಿ ಸಹ ಗೇಟಿನ ಬಳಿ ನಿಲ್ಲಲು ಕೆಲವು ಹುಡುಗರು ಬೇಕಾಗುತ್ತಾರೆ ಎಂಬುದು ಗುಟ್ಟೇನಲ್ಲ. ಪಕ್ಷಗಳ ಮೆರವಣಿಗೆಗಳ ಮಾತನ್ನಂತೂ ಆಡುವುದೇ ಬೇಡ.

ಎಲ್ಲಕ್ಕಿಂತ ದೊಡ್ಡ ಉದ್ಯೋಗದಾತ ಮೀಟರ್ ಬಡ್ಡಿ. ಹುಬ್ಬಳ್ಳಿಯವರಿಗೆ ಇದನ್ನು ವಿವರಿಸಬೇಕಿಲ್ಲ, ಆದರೂ ಲೆಕ್ಕ ಹೇಳುತ್ತೇನೆ. 10,000 ರೂಪಾಯಿಗೆ ವಾರಕ್ಕೆ ಶೇ. 10 ಬಡ್ಡಿಯೆಂದರೆ ವಾರಕ್ಕೆ 1,000. ವರ್ಷಕ್ಕೆ 52,000. ಅಸಲು ಹಾಗೆಯೇ ಇರುತ್ತದೆ. ಇಂತಹ ಸಾಲಕ್ಕೆ ಯಾವ ನ್ಯಾಯಾಲಯವೂ ವಸೂಲಿ ಆದೇಶ ಕೊಡದು. 2004ರಿಂದಲೇ ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ರಾಜ್ಯದಲ್ಲಿದೆ. 2025ರಲ್ಲಿ ಸಾಲಗಾರರಿಗೆ ಕಿರುಕುಳ ಕೊಡುವವರಿಗೆ ಹತ್ತು ವರ್ಷದವರೆಗೆ ಜೈಲು ವಿಧಿಸಬಹುದಾದ ಇನ್ನೊಂದು ಕಾನೂನು ಬಂತು. ಹಾಗಿದ್ದರೆ ವಸೂಲಿ ಮಾಡುವವರು ಯಾರು? ಬೈಕಿನಲ್ಲಿ ಮೂವರು ಬಂದು ಮನೆಯ ಮುಂದೆ ಹಾರ್ನ್ ಬಾರಿಸುವ ಹುಡುಗರು. ಬಡ್ಡಿ ಹರಾಮ್ ಎಂದು ಪ್ರತಿ ವರ್ಷ ಖುತ್ಬಾದಲ್ಲಿ ಕೇಳುವ ನಾವು, ಮಗಳ ಮದುವೆಗೆ ಮೂರು ಬಗೆಯ ಬಿರಿಯಾನಿ ಆಗಲೇಬೇಕೆಂದು ಆ ಸಾಲ ತರುತ್ತೇವೆ. ಆ ಬಡ್ಡಿಯ ಒಂದು ಪಾಲು ಬೈಕಿನ ಹುಡುಗನ ಪೆಟ್ರೋಲಿಗೆ, ಇನ್ನೊಂದು ಪಾಲು ತಲವಾರಿಗೆ. ಹುಡುಗನಿಗೆ ನಡಿಗೆ ಕಲಿಸಿದ್ದು ಸಿನಿಮಾ ಇರಬಹುದು. ಸಂಬಳ ಕೊಟ್ಟದ್ದು ಸಿನಿಮಾ ಅಲ್ಲ.

ಈ ಹುಡುಗನ ವಿಷಯದಲ್ಲಿಯೂ ಹಾಗೆಯೇ ಆಗಿದೆ ಎಂಬುದು ನನಗೆ ಗೊತ್ತಾದದ್ದು ಆ ರಾತ್ರಿ ತಾಯಿ ಎದ್ದು ಹೋಗುವ ಹೊತ್ತಿನಲ್ಲಿ. ತಲವಾರು ಯಾರದ್ದು ಎಂದು ಮೂರು ಸಲ ಕೇಳಿದ ಮೇಲೆ ಹುಡುಗ ಬಾಯಿಬಿಟ್ಟ. ನಗರದ ಒಬ್ಬ ಪ್ರತಿಷ್ಠಿತರ ಗೋದಾಮಿನಲ್ಲಿ ಇದ್ದದ್ದು ಅದು. ಆರು ತಿಂಗಳ ಹಿಂದೆ ಬಾಡಿಗೆದಾರನೊಬ್ಬನನ್ನು ತೆರವು ಮಾಡಿಸಬೇಕಾದಾಗ ಅವರು ಈ ಹುಡುಗರನ್ನು ಕರೆಸಿದ್ದರಂತೆ. ಹೊಡೆದಾಟವೇನೂ ಆಗಲಿಲ್ಲ, ಸುಮ್ಮನೆ ಎರಡು ದಿನ ಕುಳಿತಿದ್ದರು, ತಲಾ ಒಂದೂವರೆ ಸಾವಿರ ಸಿಕ್ಕಿತು. ಅಂದಿನಿಂದ ಗಲ್ಲಿಯಲ್ಲಿ ಅವನನ್ನು ‘ಭಾಯಿ’ ಎಂದು ಕರೆಯತೊಡಗಿದರು. ಅದಕ್ಕೂ ಮೊದಲು ಅವನನ್ನು ಯಾರೂ ಏನೆಂದೂ ಕರೆಯುತ್ತಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಎಡವಿದವನು, ತಂದೆ ಇಲ್ಲದವನು, ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವವನು. ಇದನ್ನು ಹೇಳುವಾಗ ಅವನ ಧ್ವನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಏನೋ ಒಂದು ಹೆಮ್ಮೆಯೇ ಇತ್ತು. ಆ ಹೆಮ್ಮೆಯನ್ನು ಬೈದು ಇಳಿಸಲು ನನ್ನಿಂದ ಆಗಲಿಲ್ಲ. ಅವನಿಗೆ ಬೇರೆ ಯಾವ ಕೆಲಸದಲ್ಲಿ ಯಾರು ಹೆಮ್ಮೆ ಕೊಟ್ಟಿದ್ದರು ಎಂದು ತೋಚಲಿಲ್ಲ.

ನೋಟಿಸಿಗೆ ಉತ್ತರ ಬರೆಯಲು ಪರಿಚಯದ ವಕೀಲರೊಬ್ಬರು ಒಪ್ಪಿದ್ದಾರೆ. ಮುಚ್ಚಳಿಕೆ ಬರೆದುಕೊಟ್ಟು ಒಂದು ವರ್ಷ ಸುಮ್ಮನಿದ್ದರೆ ಇದು ಇಲ್ಲಿಗೇ ನಿಲ್ಲಬಹುದು, ರೌಡಿ ಪಟ್ಟಿಯವರೆಗೆ ಹೋಗದಿರಬಹುದು ಎಂದು ಅವರು ಹೇಳಿದರು. ಆಸ್ತಿ ಇರುವ ಜಾಮೀನುದಾರರು ಬೇಕು ಎಂದರು. ಆ ತಾಯಿಗೆ ಮೊದಲು ನೆನಪಾದದ್ದು ಗೋದಾಮಿನ ಯಜಮಾನರು. ಅವರಲ್ಲಿ ಮಗ ಕೆಲಸ ಮಾಡಿಕೊಟ್ಟಿದ್ದಾನೆ, ಒಳ್ಳೆಯವರು, ಮಸೀದಿಗೆ ಫ್ಯಾನು ಕೊಟ್ಟವರು, ಇಲ್ಲವೆನ್ನಲಾರರು ಎಂದುಕೊಂಡು ಮರುದಿನ ಬೆಳಗ್ಗೆಯೇ ಹೋದರಂತೆ. ಚಹಾ ಕೊಟ್ಟು ಕುಳ್ಳಿರಿಸಿ, ಪೊಲೀಸು ಕೋರ್ಟು ಎಂದರೆ ತಮ್ಮ ಮನೆತನದವರು ದೂರವೇ ಇರುತ್ತಾರೆಂದೂ, ಮಗನನ್ನು ಸಿನಿಮಾ ಮೊಬೈಲುಗಳಿಂದ ದೂರವಿಡಬೇಕೆಂದೂ ಹೇಳಿ ಕಳಿಸಿದರು.

ಮುಂದಿನ ಮಂಗಳವಾರ ಹಾಜರಿ. ಒಂದು ಸಹಿ ಸಿಕ್ಕಿದೆ, ಅದು ಗ್ಯಾರೇಜಿನ ಮಾಲೀಕನದ್ದು. ಇನ್ನೊಂದನ್ನು ಹುಡುಕುತ್ತಿದ್ದೇವೆ.